ಬೆರಳ ತುದಿಯ ಕೆಂಪು ದೀಪ

ನಾನು, ವಯಸ್ಸು ನಲವತ್ತೊಂಬತ್ತು, ಕಸುಬು ಬಟ್ಟೆ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಡುವುದು, ವಾಸ ಹಳೇ ಸೇತುವೆಯ ಕೆಳಗಿನ ಬೀದಿಯಲ್ಲಿರುವ ನಮ್ಮ ಲಾಂಡ್ರಿಯ ಹಿಂದಿನ ಕೋಣೆ, ಬೀದಿಯವರ ಬಾಯಲ್ಲಿ ಗಂಜಿ ಅಕ್ಕ, ಮೃತರ ಒಡಹುಟ್ಟಿದ ತಂಗಿ; ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ.

ನನ್ನ ಅಣ್ಣ, ವಯಸ್ಸು ಐವತ್ನಾಲ್ಕು, ಕಳೆದ ಬುಧವಾರ ಮಧ್ಯಾಹ್ನ ಆಸ್ಪತ್ರೆಯ ವಾರ್ಡಿನಲ್ಲಿ ತೀರಿಕೊಂಡ. ತೊಡೆಯ ಮೂಳೆಯ ಆಪರೇಷನ್ ಆಗಿ ಐದು ಗಂಟೆ ಕಳೆದಿತ್ತಷ್ಟೆ. ಆ ಹೊತ್ತಿನಲ್ಲಿ ವಾರ್ಡಿನಲ್ಲಿದ್ದ ನರ್ಸ್ ಅಣ್ಣನನ್ನು ನೋಡಿಕೊಳ್ಳದೆ ಸಾಯಲು ಬಿಟ್ಟಳು ಎಂದು ನನ್ನ ಅತ್ತಿಗೆಯ ತಮ್ಮ ಗುರುವಾರ ಇಲ್ಲಿ ದೂರು ಕೊಟ್ಟಿದ್ದಾರೆ. ಇವರು ಬಣ್ಣದ ಡಬ್ಬ ಮಾರುವವರು, ಆದರೆ ಎಲ್ಲದಕ್ಕೂ ವಾದ ಮಾಡುವುದರಿಂದ ಮನೆಮಂದಿಗೆಲ್ಲ ಅವರು ವಕೀಲರು. ಆ ನರ್ಸನ್ನು ಈಗ ಕೆಲಸದಿಂದ ನಿಲ್ಲಿಸಿದ್ದಾರೆ, ಎರಡು ಸಲ ಠಾಣೆಗೂ ಕರೆಸಿದ್ದಾರೆ. ತಪ್ಪು ಆಕೆಯದಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬಂದಿದ್ದೇನೆ.

ಮೊದಲು ಅಣ್ಣನ ನಿದ್ದೆಯ ವಿಷಯ ಹೇಳಬೇಕು. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ಲರು ಅದು ಬೇಡ, ಘಟನೆಗೆ ಬನ್ನಿ ಎಂದರು. ಘಟನೆ ಆದದ್ದೇ ನಿದ್ದೆಯಲ್ಲಿ, ಬರೆದುಕೊಳ್ಳಿ ಎಂದೆ. ಬರೆದುಕೊಂಡರು.

ಅಣ್ಣ ಗೊರಕೆ ಹೊಡೆಯುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವನು ಮಲಗಿದರೆ, ಬಟ್ಟೆ ಕೊಡಲು ಬಂದವರು ದೊಡ್ಡ ಮೆಷಿನ್ ಓಡುತ್ತಿದೆ ಎಂದುಕೊಂಡು ಕಾಯುತ್ತಾ ನಿಲ್ಲುತ್ತಿದ್ದರು. ಚಿಕ್ಕಂದಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಾಗ ನನಗೆ ಆ ಸದ್ದಿನ ನಡುವೆ ಬರುವ ಮೌನ ಗೊತ್ತಿತ್ತು. ಗೊರಕೆ ಏರುತ್ತಾ ಏರುತ್ತಾ ಹೋಗಿ ಪಕ್ಕನೆ ನಿಲ್ಲುತ್ತಿತ್ತು. ಆಮೇಲೆ ನೀರಿನಿಂದ ಮೇಲೆದ್ದವನ ಹಾಗೆ ಒಮ್ಮೆ ಎಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದ. ಅದು ರೋಗ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಗೊರಕೆ ಹೊಡೆಯುವವನು ಸುಖವಾಗಿ ಮಲಗಿದ್ದಾನೆ ಎಂದೇ ನಮ್ಮ ಲೆಕ್ಕ. ಹಗಲು ಹೊತ್ತಿನಲ್ಲಿ ಮಾತ್ರ ಅವನು ನಿಂತಲ್ಲೇ ತೂಕಡಿಸುತ್ತಿದ್ದ. ಒಂದು ಸಲ ಯಾರದೋ ಮದುವೆಯ ಕೋಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಊರಿಕೊಂಡು ನಿದ್ದೆ ಹೋಗಿದ್ದ. ಆ ಕೋಟು ಈಗಲೂ ನಮ್ಮ ಅಂಗಡಿಯಲ್ಲೇ ಇದೆ.

ಅತ್ತಿಗೆ ಹನ್ನೊಂದು ವರ್ಷದಿಂದ ಮೇಲಿನ ಕೋಣೆಯಲ್ಲಿ ಮಲಗುತ್ತಾರೆ. ಜಗಳವೇನೂ ಇಲ್ಲ, ಗೊರಕೆಗೆ ಹೆದರಿ ಮೆಟ್ಟಿಲು ಹತ್ತಿದವರು ಅಲ್ಲೇ ಉಳಿದರು. ನಮ್ಮದು ಎರಡು ಮಹಡಿಯ ಸಂಸಾರ ಎಂದು ಅವರೇ ನಗುತ್ತಿದ್ದರು. ಬೆಳಗ್ಗೆ ಇಳಿದು ಬಂದಾಗ ಅಣ್ಣ ಅವರಿಗೆ ಊರಿಗೆ ಹೋಗಿ ಬಂದವರನ್ನು ಕೇಳುವ ಹಾಗೆ ಪ್ರಯಾಣ ಸುಖವಾಗಿತ್ತಾ ಎಂದು ಕೇಳುತ್ತಿದ್ದ. ಅವರಿಬ್ಬರೂ ಒಬ್ಬರನ್ನೊಬ್ಬರು ಬಹಳ ಹಚ್ಚಿಕೊಂಡಿದ್ದರು ಎನ್ನುವುದನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ.

ಸೋಮವಾರ ಬೆಳಗ್ಗೆ ಹತ್ತೂವರೆ ಗಂಟೆಗೆ ಅಣ್ಣ ನಾಟಕದ ಸಭಾಂಗಣಕ್ಕೆ ಒಗೆದ ಪರದೆಗಳನ್ನು ತೂಗುಹಾಕಲು ಹೋಗಿದ್ದ. ಏಣಿಯ ಮೇಲೆ ಕೊಕ್ಕೆ ಸಿಕ್ಕಿಸುತ್ತಾ ಸಿಕ್ಕಿಸುತ್ತಾ ಅಲ್ಲೇ ತೂಕಡಿಸಿರಬೇಕು. ಕೆಳಗೆ ನಿಂತಿದ್ದ ಬಡಗಿಯ ಮಾತಿನ ಪ್ರಕಾರ, ಅಣ್ಣ ಕೂಗಲೂ ಇಲ್ಲ, ಕೈ ಚಾಚಲೂ ಇಲ್ಲ, ಹಾಸಿಗೆಗೆ ಒರಗುವವನ ಹಾಗೆ ಪರದೆಗೆ ಒರಗಿ ಅದರ ಜೊತೆಗೇ ಇಳಿದು ಬಂದ. ಬಲತೊಡೆಯ ಮೂಳೆ ಮುರಿಯಿತು.

ಮಂಗಳವಾರ ಮಧ್ಯಾಹ್ನ ಅರಿವಳಿಕೆ ಕೊಡುವ ಡಾಕ್ಟರು ಅಣ್ಣನನ್ನು ನೋಡಲು ಬಂದರು. ನಡುವಯಸ್ಸಿನ ಹೆಂಗಸು, ಮಾತು ನಿಧಾನ. ಅಣ್ಣನ ಬಾಯಿ ತೆರೆಸಿ ನೋಡಿದರು, ಕುತ್ತಿಗೆ ನೋಡಿದರು, ಶರ್ಟಿನ ಕಾಲರ್ ಅಳತೆ ಎಷ್ಟು ಎಂದು ಕೇಳಿದರು. ನಾವು ಮೂವರೂ ಒಂದೇ ಉಸಿರಿಗೆ ಹದಿನೇಳೂವರೆ ಎಂದೆವು. ಡಾಕ್ಟರು ನಕ್ಕರು. ಆಮೇಲೆ ನಗದೆ, ನಿದ್ದೆಯಲ್ಲಿ ಇವರ ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದರು. ಅತ್ತಿಗೆ ತಾನು ಮೇಲೆ ಮಲಗುವುದರಿಂದ ಗೊತ್ತಿಲ್ಲ ಎಂದರು. ನಾನು ಚಿಕ್ಕಂದಿನ ಮೌನದ ವಿಷಯ ಹೇಳಿದೆ.

ಡಾಕ್ಟರು ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಬರೆಸುತ್ತೇನೆ. "ನಿದ್ದೆ ಬಂದಾಗ ಇವರ ಗಂಟಲು ಸಡಿಲ ಆಗಿ ಮುಚ್ಕೊಳ್ಳುತ್ತೆ. ಉಸಿರು ಸಿಗದೆ ಇದ್ದಾಗ ಮೆದುಳು ಬಡಿದು ಎಬ್ಬಿಸುತ್ತೆ, ಇಷ್ಟು ವರ್ಷ ಇವರು ಬದುಕಿರೋದೇ ಹಾಗೆ. ಆಪರೇಷನ್ ಮಾಡುವಾಗ ನನಗೆ ಭಯ ಇಲ್ಲ, ಆಗ ಉಸಿರಿನ ಕೊಳವೆ ನನ್ನ ಕೈಯಲ್ಲೇ ಇರುತ್ತೆ. ಭಯ ಇರೋದು ಆಮೇಲೆ. ಅರಿವಳಿಕೆ ಪೂರ್ತಿ ಇಳಿದಿರಲ್ಲ, ನೋವಿನ ಇಂಜೆಕ್ಷನ್ ಬೇರೆ ಕೊಟ್ಟಿರ್ತೀವಿ. ಆಗ ಗಂಟಲು ಇನ್ನೂ ಸಡಿಲ, ಎಬ್ಬಿಸಬೇಕಾದ ಮೆದುಳಿಗೂ ಮಂಪರು." ಮುಖಕ್ಕೆ ಗಾಳಿ ಊದುವ ಮಾಸ್ಕಿನ ಮೆಷಿನ್ ಒಂದಿದೆ, ಅದನ್ನು ಇವರಿಗೆ ಹೊಂದಿಸಲು ಒಂದು ರಾತ್ರಿ ಪರೀಕ್ಷೆ ಆಗಬೇಕು, ಮುರಿದ ಮೂಳೆ ಅಲ್ಲಿಯವರೆಗೆ ಕಾಯುವುದಿಲ್ಲ ಎಂದೂ ಹೇಳಿದರು. ಅದರ ಬದಲು ತಲೆ ಎತ್ತರಿಸಿ ಮಲಗಿಸುವುದು, ನರ್ಸಿನ ಮೇಜಿನ ಪಕ್ಕದ ಹಾಸಿಗೆ ಕೊಡುವುದು, ಬೆರಳಿಗೆ ಸದಾ ಕ್ಲಿಪ್ ಹಾಕಿಡುವುದು ಎಂದು ತೀರ್ಮಾನ ಮಾಡಿದರು.

ಆ ಕ್ಲಿಪ್ಪನ್ನು ಇಲ್ಲಿ ವಿವರಿಸುತ್ತೇನೆ. ನಾವು ಬಟ್ಟೆಗೆ ಹಾಕುವ ಕ್ಲಿಪ್ಪಿನಷ್ಟೇ ದೊಡ್ಡದು. ಬೆರಳ ತುದಿಗೆ ಕಚ್ಚಿಸುತ್ತಾರೆ, ಒಳಗೆ ಕೆಂಪು ದೀಪ ಉರಿಯುತ್ತದೆ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ, ನಾಡಿ ಎಷ್ಟಿದೆ ಎಂದು ಅದು ವೈರಿನ ಮೂಲಕ ಮೆಷಿನ್ನಿನ ಪರದೆಗೆ ತಿಳಿಸುತ್ತದೆ. ಒಂದು ಪರದೆ ಹಾಸಿಗೆಯ ತಲೆಯ ಹತ್ತಿರ, ಇನ್ನೊಂದು ಗಾಜಿನ ಆಚೆ ನರ್ಸಿನ ಮೇಜಿನ ಮೇಲೆ. ಆಕ್ಸಿಜನ್ ತೊಂಬತ್ತಕ್ಕಿಂತ ಇಳಿದರೆ ಎರಡೂ ಕಡೆ ಬೆಲ್ ಹೊಡೆಯುತ್ತದೆ.

ಬುಧವಾರ ಬೆಳಗ್ಗೆ ಆಪರೇಷನ್ ಸರಿಯಾಗಿಯೇ ಆಯಿತು. ಎಚ್ಚರ ಬರುವವರೆಗೆ ಇಡುವ ಕೋಣೆಯಲ್ಲಿ ಎರಡು ಗಂಟೆ ಇಟ್ಟುಕೊಂಡು ಮಧ್ಯಾಹ್ನ ಒಂದೂ ಹತ್ತಕ್ಕೆ ವಾರ್ಡಿಗೆ ಕರೆತಂದರು. ಅಣ್ಣ ಅರ್ಧ ನಿದ್ದೆಯಲ್ಲೇ ನನ್ನ ಕಡೆ ನೋಡಿ, "ಮೆಷಿನ್ ಆಫ್ ಮಾಡಿದ್ಯಾ?" ಎಂದು ಕೇಳಿದ. ಮಾಡಿದೆ ಎಂದೆ. ಅತ್ತಿಗೆಯನ್ನು ನೋಡಿ ನಕ್ಕ. ಆಮೇಲೆ ಅವನು ನನ್ನ ಹತ್ತಿರ ಮಾತಾಡಲಿಲ್ಲ.

ಒಬ್ಬರೇ ಇರಬೇಕು ಎನ್ನುವ ನಿಯಮವಿದ್ದರೂ ಆ ನರ್ಸ್ ನಮ್ಮಿಬ್ಬರನ್ನೂ ಇರಲು ಬಿಟ್ಟಳು. ಚಿಕ್ಕ ಆಳು, ಕೂದಲಿನ ಗಂಟಿಗೆ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಹುಡುಕುತ್ತಿದ್ದಳು. ಅಣ್ಣನ ಎಡಗೈಯ ತೋರುಬೆರಳಿಗೆ ಕ್ಲಿಪ್ಪನ್ನು ಆಕೆಯೇ ಹಾಕಿದ್ದನ್ನು ನಾನು ನೋಡಿದ್ದೇನೆ. ನೋವಿನ ಇಂಜೆಕ್ಷನ್ ಕೊಟ್ಟಳು. ಕೊಟ್ಟ ಮೇಲೆ ಅಣ್ಣ ಮಲಗಿದ, ಗೊರಕೆ ಶುರುವಾಯಿತು, ಏರಿತು, ನಿಂತಿತು, ಬೆಲ್ ಹೊಡೆಯಿತು. ಆಕೆ ಓಡಿಬಂದು ಅಣ್ಣನ ಭುಜ ತಟ್ಟಿ, ಗದ್ದ ಎತ್ತಿ, ಉಸಿರು ಎಳ್ಕೊಳ್ಳಿ ಯಜಮಾನ್ರೇ ಎಂದಳು. ಅಣ್ಣ ಎಳೆದುಕೊಂಡ, ಎಚ್ಚರಾಯಿತು, ಎಚ್ಚರಾದ ಕೂಡಲೇ ಕಾಲಿನ ನೋವಿಗೆ ಮುಖ ಹಿಂಡಿದ. ಎರಡೂ ನಲವತ್ತರ ಒಳಗೆ ಹೀಗೆ ಐದಾರು ಸಲ ಆಯಿತು. ಪ್ರತಿ ಸಲವೂ ಆಕೆ ಬಂದಳು. ಒಂದು ಸಲ ಊಟದ ಕೈಯಲ್ಲೇ ಬಂದಳು.

ಅತ್ತಿಗೆಗೆ ಇದನ್ನು ನೋಡಲು ಆಗಲಿಲ್ಲ. ಅವರು ನರ್ಸಿಗೆ ಹೇಳಿದ್ದು: "ಸ್ವಲ್ಪ ಹೊತ್ತು ಮಲಗೋಕೆ ಬಿಡಿ ಅಮ್ಮಾ. ಕಣ್ಣು ಮುಚ್ಚಿದ್ರೆ ಎಬ್ಬಿಸ್ತೀರಲ್ಲ. ಎಷ್ಟು ನೋಯ್ತಿದೆ ನೋಡಿ ಅವರಿಗೆ." ನರ್ಸ್ ಸಿಟ್ಟಾಗಲಿಲ್ಲ. ಆಕೆ ಹೇಳಿದ್ದು: "ಬೆಲ್ ಹೊಡೀಲಿ ಬಿಡಿ ಅಕ್ಕಾ. ಹೊಡೆದ್ರೆ ತಾನೆ ನಾನು ಬರೋದು? ಆ ಕ್ಲಿಪ್ ಮಾತ್ರ ತೆಗೀಬೇಡಿ." ಅತ್ತಿಗೆ ಆಗಲಿ ಎಂದು ತಲೆ ಆಡಿಸಿದರು. ಇದು ನನ್ನ ಎದುರಿಗೇ ನಡೆದ ಮಾತು. ಆಸ್ಪತ್ರೆಯವರು ಯಾರೂ ನಮಗೆ ಏನೂ ಹೇಳಲಿಲ್ಲ ಎಂದು ವಕೀಲರು ದೂರಿನಲ್ಲಿ ಬರೆಸಿದ್ದು ಸುಳ್ಳು, ಅವರು ಆಗ ಅಲ್ಲಿರಲೇ ಇಲ್ಲ.

ಎರಡೂ ನಲವತ್ತಕ್ಕೆ ನರ್ಸ್ ಬಂದು ರಕ್ತದೊತ್ತಡ ನೋಡಿ, ಇನ್ನೊಂದು ಗಂಟೆಗೆ ಮತ್ತೆ ನೋಡುತ್ತೇನೆ ಎಂದು ಹೋದಳು. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಹಾಸಿಗೆಯಿಂದ ಆರು ಅಡಿ ದೂರ. ಎರಡು ದಿನದಿಂದ ನಾನು ಕಣ್ಣು ಮುಚ್ಚಿರಲಿಲ್ಲ. ಕಿಟಕಿಗೆ ತೆಳು ಬಿಳಿ ಪರದೆ ಇತ್ತು, ಯಾರೋ ಹಾಳು ಸೋಪಿನಲ್ಲಿ ಒಗೆದು ಹಳದಿ ಮಾಡಿದ್ದರು, ಆದರೂ ಬಿಸಿಲು ಅದರೊಳಗಿಂದ ಸೋಸಿಕೊಂಡು ಬಂದು ಇಡೀ ಕೋಣೆಗೆ ಹಾಲಿನ ಬಣ್ಣ ಬಂದಿತ್ತು. ಗಾಳಿಗೆ ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅಣ್ಣನ ಗೊರಕೆಗೆ ಸರಿಯಾಗಿ ಅದು ಏರಿಳಿಯುತ್ತಿದೆ ಎನಿಸಿತು. ನನಗೆ ಜೊಂಪು ಹತ್ತಿತು.

ಇಲ್ಲಿಂದ ಮುಂದೆ ಕನಸು ಯಾವುದು, ಕಂಡದ್ದು ಯಾವುದು ಎಂದು ಬೇರೆ ಮಾಡಿ ಹೇಳುತ್ತೇನೆ. ಕನಸನ್ನು ಹೇಳಿಕೆಯಲ್ಲಿ ಬರೆಯುವ ಪದ್ಧತಿ ಇಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ಲರು ಪೆನ್ನು ಕೆಳಗಿಟ್ಟರು. ಕನಸನ್ನು ಬಿಟ್ಟರೆ ಉಳಿದದ್ದೂ ಕನಸೇ ಎಂದು ನಾಳೆ ಯಾರಾದರೂ ಅನ್ನುತ್ತಾರೆ, ಆದ್ದರಿಂದ ಎರಡನ್ನೂ ಬರೆಯಿರಿ ಎಂದು ಕೇಳಿಕೊಂಡೆ.

ಕನಸು: ಸಭಾಂಗಣದ ದೊಡ್ಡ ಪರದೆಯನ್ನು ಅಣ್ಣ, ನಾನು, ಅತ್ತಿಗೆ ಮೂವರೂ ಹೊಳೆಯಲ್ಲಿ ಒಗೆಯುತ್ತಿದ್ದೆವು. ನಮ್ಮ ಅಂಗಡಿಯವರು ಹೊಳೆಯಲ್ಲಿ ಒಗೆದು ಎರಡು ತಲೆಮಾರು ಆಗಿದೆ, ಕನಸಿಗೆ ಅದರ ಗೊಡವೆ ಇರಲಿಲ್ಲ. ಪರದೆ ನೀರಿನ ಮೇಲೆ ಹರಡಿಕೊಂಡು ಆಚೆ ದಡದವರೆಗೂ ಹೋಯಿತು. ಅಣ್ಣ ಅದರ ಮೇಲೆ ಕಾಲಿಟ್ಟು ನಡೆದ. ಮುಳುಗಲಿಲ್ಲ. ಅವನು ನಡೆದಲ್ಲೆಲ್ಲ ಬಟ್ಟೆ ಸ್ವಲ್ಪ ತಗ್ಗುತ್ತಿತ್ತು, ಮತ್ತೆ ಮೇಲೇಳುತ್ತಿತ್ತು. ಹೊಳೆಗೆ ಸದ್ದಿರಲಿಲ್ಲ. ಹುಷಾರು ಎಂದು ಕೂಗಬೇಕು ಎನಿಸಿತು, ಆದರೆ ಕೂಗಿದರೆ ಎಚ್ಚರಾಗಿ ಬೀಳುತ್ತಾನೆ ಎಂದುಕೊಂಡು ಸುಮ್ಮನಿದ್ದೆ.

ಕಂಡದ್ದು: ಚಹಾದ ಗಾಡಿ ವಾರ್ಡಿನ ಬಾಗಿಲ ಮುಂದೆ ಹೋಯಿತು. ಲೋಟಗಳ ಸದ್ದಿಗೆ ನಾನು ಕಣ್ಣು ಬಿಟ್ಟೆ. ಆ ಗಾಡಿ ಮೂರು ಗಂಟೆಗೆ ಬರುತ್ತದೆ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಅತ್ತಿಗೆ ಸ್ಟೂಲಿನ ಮೇಲೆ ಕೂತು ಹಾಸಿಗೆಯ ಅಂಚಿಗೆ, ಅಣ್ಣನ ತೋಳಿನ ಪಕ್ಕದಲ್ಲಿ, ತಲೆ ಇಟ್ಟು ಮಲಗಿದ್ದರು. ಅವರ ಬಲಗೈ ಬಿಳಿ ಹೊದಿಕೆಯ ಮೇಲೆ ಚಾಚಿತ್ತು. ಆ ಕೈಯ ತೋರುಬೆರಳಿನಲ್ಲಿ ಕ್ಲಿಪ್ ಇತ್ತು. ಬೆರಳ ತುದಿ ಒಳಗಿನಿಂದ ಕೆಂಪಗೆ ಬೆಳಗುತ್ತಿತ್ತು. ಅಣ್ಣನ ಎರಡೂ ಕೈ ಎದೆಯ ಮೇಲಿದ್ದವು, ಬರಿಗೈ. ಬೆಲ್ ಇರಲಿಲ್ಲ. ಗೊರಕೆಯೂ ಇರಲಿಲ್ಲ.

ಅಣ್ಣ ಮಲಗಲಿ, ಬೆಲ್ಲಿನ ಕಾಟ ತಪ್ಪಲಿ ಎಂದು ಅತ್ತಿಗೆ ಅದನ್ನು ತೆಗೆದು ತಮ್ಮ ಬೆರಳಿಗೆ ಹಾಕಿಕೊಂಡಿದ್ದರು. ತೆಗೆದು ಕೆಳಗಿಟ್ಟರೂ ಬೆಲ್ ಹೊಡೆಯುತ್ತದೆ, ಅದಕ್ಕೊಂದು ಬೆರಳು ಬೇಕು, ಬೆರಳು ಕೊಟ್ಟರು. ಇದರಲ್ಲಿ ಕೆಟ್ಟ ಯೋಚನೆ ಎಳ್ಳಷ್ಟೂ ಇಲ್ಲ. ಹನ್ನೊಂದು ವರ್ಷ ಮೇಲಿನ ಕೋಣೆಯಲ್ಲಿ ಮಲಗಿದವರಿಗೆ ಗೊರಕೆ ನಿಂತರೆ ಏನರ್ಥ ಎಂದು ಹೇಗೆ ಗೊತ್ತಾಗಬೇಕು? ನೋವು ಇಳಿಯಿತು, ಕೊನೆಗೂ ನೆಮ್ಮದಿಯಾಗಿ ಮಲಗಿದರು ಎಂದುಕೊಂಡಿರುತ್ತಾರೆ. ಡಾಕ್ಟರು ಬಿಡಿಸಿ ಹೇಳಿದ್ದರಲ್ಲ ಎಂದು ಪಕ್ಕದ ಮೇಜಿನಿಂದ ಕೇಳಿಸಿಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಕೇಳಿದರು. ಹೇಳಿದ್ದರು. ಆದರೆ ಕಣ್ಣೆದುರು ಗಂಡ ನೋವಿನಿಂದ ನರಳುತ್ತಿರುವಾಗ ನಿನ್ನೆ ಕೇಳಿದ ಮಾತು ಯಾರಿಗೆ ಮುಂದೆ ಬರುತ್ತದೆ?

ಅದನ್ನೆಲ್ಲ ನೋಡಿಯೂ ನಾನು ಏಳಲಿಲ್ಲ. ಎಷ್ಟು ಚೆಂದ ಮಲಗಿದ್ದಾರೆ ಇಬ್ಬರೂ ಎಂದುಕೊಂಡೆ. ಹೊಳೆಯಲ್ಲಿ ಕೆಂಪು ದೀಪ ಯಾಕೆ ಎಂದೂ ಎನಿಸಿತು, ಅಷ್ಟರಲ್ಲಿ ಕಣ್ಣು ಮತ್ತೆ ಮುಚ್ಚಿತು. ಆಮೇಲೆ ಕನಸಿನಲ್ಲಿ ಅಣ್ಣ ಕಾಣಲಿಲ್ಲ, ಪರದೆ ಮಾತ್ರ ಇತ್ತು.

ಮೂರೂ ನಲವತ್ತಕ್ಕೆ, ಹೇಳಿದ ಹೊತ್ತಿಗೆ ಸರಿಯಾಗಿ, ನರ್ಸ್ ಬಂದಳು. ಆಕೆಯ ಕಿರುಚಾಟಕ್ಕೆ ನಮ್ಮಿಬ್ಬರಿಗೂ ಎಚ್ಚರವಾಯಿತು. ಅಣ್ಣನ ತುಟಿಗೆ ನೀಲಿ ಬಟ್ಟೆಯ ಬಣ್ಣ ಬಿಟ್ಟುಕೊಂಡಂತಿತ್ತು. ಅತ್ತಿಗೆ ಧಡಕ್ಕನೆ ಎದ್ದ ರಭಸಕ್ಕೆ ಕ್ಲಿಪ್ ಅವರ ಬೆರಳಿನಿಂದ ಕಳಚಿ ಹಾಸಿಗೆಯ ಪಕ್ಕಕ್ಕೆ ಜೋತುಬಿತ್ತು, ಆಗ ಬೆಲ್ ಹೊಡೆಯತೊಡಗಿತು. ನರ್ಸ್ ಹಾಸಿಗೆಯನ್ನು ಮಟ್ಟ ಮಾಡಿ ಅಣ್ಣನ ಎದೆ ಒತ್ತಲು ಶುರು ಮಾಡಿದ್ದಳು. ಡಾಕ್ಟರುಗಳು ಓಡಿಬಂದರು, ಅರಿವಳಿಕೆ ಡಾಕ್ಟರೂ ಬಂದರು. ನಮ್ಮನ್ನು ಹೊರಗೆ ಕಳಿಸಿದರು. ನಾಲ್ಕೂ ಇಪ್ಪತ್ತೈದಕ್ಕೆ ಮುಗಿಯಿತು ಎಂದು ಹೇಳಿದರು. ಹೊರಗೆ ಬಂದ ನರ್ಸ್ ಗೋಡೆಗೆ ಒರಗಿ ಅತ್ತಳು. ಆಕೆ, ಗಾಜಿನ ಮೂಲಕ ಎರಡು ಸಲ ನೋಡಿದೆ, ಪರದೆಯಲ್ಲಿ ತೊಂಬತ್ತೆಂಟು ಇತ್ತು, ಮನೆಯವರೆಲ್ಲ ಮಲಗಿದ್ದರು, ಎಬ್ಬಿಸಬಾರದು ಎಂದು ಮೆಲ್ಲಗೆ ನಡೆದುಹೋದೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.

ಬಂದವರೆಲ್ಲ ಕಂಡದ್ದು ಜೋತುಬಿದ್ದ ಕ್ಲಿಪ್ ಮಾತ್ರ. ನರ್ಸ್ ಅದನ್ನು ಹಾಕಿಯೇ ಇರಲಿಲ್ಲ ಎಂದು ವಕೀಲರು ದೂರು ಕೊಟ್ಟದ್ದು ಅದರ ಮೇಲೆ. ಎರಡೂ ಐವತ್ತರಿಂದ ಮೂರೂ ನಲವತ್ತರವರೆಗೆ ಆಕ್ಸಿಜನ್ ತೊಂಬತ್ತೆಂಟು, ನಾಡಿ ಅರವತ್ತನಾಲ್ಕು ಎಂದು ಮೆಷಿನ್ ತೋರಿಸಿದ್ದು ಗೊತ್ತಾದ ಮೇಲೆ ಅವರು ಇನ್ನೂ ಜೋರಾದರು. "ಸಾಯ್ತಿರೋ ಮನುಷ್ಯನಿಗೆ ತೊಂಬತ್ತೆಂಟಾ? ಎಲ್ಲ ತಿದ್ದಿದಾರೆ!" ಎಂದು ಆಸ್ಪತ್ರೆಯ ಅಂಗಳದಲ್ಲೇ ಕೂಗಾಡಿದರು. ಯಾರೂ ಏನನ್ನೂ ತಿದ್ದಿಲ್ಲ. ಆ ಐವತ್ತು ನಿಮಿಷ ಪರದೆಯ ಮೇಲಿದ್ದದ್ದು ನನ್ನ ಅತ್ತಿಗೆಯ ನಾಡಿ.

ನಾನು ಕಂಡದ್ದು ಕನಸೇ ಇರಬಹುದಲ್ಲ, ಖಾತ್ರಿ ಇಲ್ಲ ಎಂದು ಬರೆಯಲೇ ಎಂದು ಹೆಡ್ ಕಾನ್‌ಸ್ಟೇಬಲ್ಲರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಮೂರು ದಿನದಿಂದ ನಾನೂ ಅದನ್ನೇ ಆಸೆಪಟ್ಟೆ. ಆದರೆ ಬುಧವಾರ ವಾರ್ಡಿನ ಹೊರಗೆ ನಾನು ಅತ್ತಿಗೆಯ ಬಲಗೈ ಹಿಡಿದುಕೊಂಡು ಕೂತಿದ್ದೆ. ತೋರುಬೆರಳಿನ ಉಗುರಿನ ಸುತ್ತ ಚಚ್ಚೌಕದ ಅಚ್ಚು ಒತ್ತಿತ್ತು. ನಾನು ಅದನ್ನು ಹೆಬ್ಬೆರಳಿನಿಂದ ಸವರಿದೆ. ಸ್ವಲ್ಪ ಹೊತ್ತಿಗೆ ಅದು ಮಾಯವಾಯಿತು. ನಾನು ಆಗ ಪೂರ್ತಿ ಎಚ್ಚರವಾಗಿದ್ದೆ. ಆದ್ದರಿಂದ ಖಾತ್ರಿ ಎಂದೇ ಬರೆಯಿರಿ.

ಅತ್ತಿಗೆಗೆ ಇದು ನೆನಪಿಲ್ಲ. ನಿದ್ದೆಗಣ್ಣಿನಲ್ಲಿ ಮಾಡಿದ್ದನ್ನು ಆ ಕಿರುಚಾಟ ಒರೆಸಿಹಾಕಿದೆ. ನರ್ಸೇ ಕ್ಲಿಪ್ ತೆಗೆದಿಟ್ಟಿರಬೇಕು ಎಂದು ಅವರು ಮನಸಾರೆ ನಂಬಿದ್ದಾರೆ. ಆ ನಂಬಿಕೆಯ ಮೇಲೆಯೇ ಮೂರು ದಿನದಿಂದ ಎದ್ದು ಕೂತು ಎರಡು ತುತ್ತು ತಿನ್ನುತ್ತಿದ್ದಾರೆ. ಅದನ್ನು ಕಿತ್ತುಕೊಳ್ಳುವವಳು ನಾನೇ ಆಗಬೇಕಾಯಿತಲ್ಲ. ಆದರೆ ಆ ನರ್ಸಿಗೂ ಒಂದು ಮನೆ ಇದೆ, ಆಕೆಯೂ ಮೂರು ದಿನದಿಂದ ಊಟ ಬಿಟ್ಟಿದ್ದಾಳಂತೆ.

ಅತ್ತಿಗೆಯ ಮೇಲೆ ಯಾವ ಕೇಸೂ ಹಾಕಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಾಕುವುದು ಬಿಡುವುದು ಮೇಲಿನವರ ಕೈಯಲ್ಲಿದೆ ಎಂದು ಇನ್‌ಸ್ಪೆಕ್ಟರ್ ಹೇಳಿದ್ದಾರೆ. ಇನ್ನೊಂದು ಕೋರಿಕೆ ಇದೆ. ಈ ಹೇಳಿಕೆಯನ್ನು ಪೊಲೀಸರು ಅವರಿಗೆ ಓದಿ ಹೇಳಬಾರದು. ನಾನು ಒಬ್ಬಳೇ ಬರಬೇಕೆಂದಿದ್ದೆ, ಅವರು ಕೇಳಲಿಲ್ಲ. "ಒಬ್ಳೇ ಯಾಕೆ ಹೋಗ್ತೀಯ? ನಾನೂ ಬರ್ತೀನಿ. ನೀನು ಕಂಡಿದ್ದನ್ನ ಕಂಡ ಹಾಗೆ ಹೇಳು, ಹೆದರಬೇಡ" ಎಂದು ನನ್ನ ಕೈ ಹಿಡಿದು ಕರೆದುಕೊಂಡು ಬಂದವರೇ ಅವರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ನಾನು ಸಹಿ ಹಾಕಿ ಹೊರಗೆ ಹೋಗಿ ಅವರ ಪಕ್ಕ ಕೂರುತ್ತೇನೆ. ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಯಾರೂ ಆ ಬಾಗಿಲು ತೆಗೆಯಬೇಡಿ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು, ಕೇಳಿದೆ. ಕನಸು ಎಂದು ಬರೆಸಿದ್ದು ಕನಸು, ಉಳಿದದ್ದೆಲ್ಲ ನಾನು ಕಂಡು ಕೇಳಿ ತಿಳಿದ ನಿಜ. ಯಾರ ಒತ್ತಾಯಕ್ಕೂ ಹೇಳಿದ್ದಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಶನಿವಾರ, ಬೆಳಗ್ಗೆ ಹನ್ನೊಂದೂ ಇಪ್ಪತ್ತು
ಸಹಿ: ಮೃತರ ತಂಗಿ